ಎ8ರ ಮೂಲೆ

ಕೇಳುಗರಿಗೆಲ್ಲ ನಮಸ್ಕಾರ. ಕಳೆದ ರವಿವಾರ ಕಲಬುರಗಿಯ ಒಂದು ಚೆಸ್ ಟೂರ್ನಿಯಲ್ಲಿ ನಾನು ಆಡಿದ ಆಟದ ಕತೆ ಇದು. ಬೋರ್ಡ್ ಇದ್ದರೆ ಹಾಸಿಕೊಂಡು ಕೇಳಿ, ಇಲ್ಲದಿದ್ದರೂ ಪರವಾಗಿಲ್ಲ.

ನಾನು ಮೊದಲಿನಿಂದಲೂ ರಾಜನ ಮುಂದಿನ ಪ್ಯಾದೆ ನಡೆಸುವವನು. 2024ರ ನವೆಂಬರ್‌ನಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಶಿಪ್ಪಿನ ಮೂರನೇ ಆಟವನ್ನು ಗುಕೇಶ್ ರಾಣಿಯ ಮುಂದಿನ ಪ್ಯಾದೆಯಿಂದ ಶುರು ಮಾಡಿ ಗೆದ್ದರಲ್ಲ, 37ನೇ ನಡೆಗೆ ಎದುರಾಳಿ ಡಿಂಗ್ ಲಿರೆನ್ ಅವರ ಟೈಮೇ ಮುಗಿದುಹೋಯಿತು, ಅದನ್ನು ನೋಡಿದ ಮೇಲೆ ನನಗೂ ಆ ಹುಚ್ಚು ಹತ್ತಿತು.

ಎದುರಿಗೆ ಕೂತವರು ಶಹಾಪುರದ ಕಡೆಯ ಒಬ್ಬ ಕಾಕಾ. ಪ್ಯಾದೆ ಒಂದೊಂದೇ ಮನೆ ನಡೆಯುವ ಹಳೇ ಆಟ ಆಡಿ ಬೆಳೆದವರು. ಬೋರ್ಡಿನ ಮನೆಗಳಿಗೆ ಎಡದಿಂದ ಬಲಕ್ಕೆ ಎಯಿಂದ ಎಚ್‌ವರೆಗೆ ಅಕ್ಷರ, ಬಿಳಿ ಕಡೆಯಿಂದ ಕರಿ ಕಡೆಗೆ 1ರಿಂದ 8ರವರೆಗೆ ಅಂಕಿ, ಆ ಲೆಕ್ಕದಲ್ಲೇ ಹೇಳುತ್ತೇನೆ. ಬಿಳಿ ಕಾಯಿ ನನ್ನವು. ನಾನು ಡಿ4, ಅವರು ಡಿ5. ನಾನು ಸಿ4ಕ್ಕೆ ಇನ್ನೊಂದು ಪ್ಯಾದೆ ತಂದೆ. ಇದೇ ಕ್ವೀನ್ಸ್ ಗ್ಯಾಂಬಿಟ್. ಪುಕ್ಕಟೆ ಸಿಕ್ಕಂತೆ ಕಾಣುವ ಆ ಪ್ಯಾದೆಯನ್ನು ಹೊಡೆದರೆ ತಪ್ಪೇನಿಲ್ಲ, ಹಟ ಹಿಡಿದು ಉಳಿಸಿಕೊಳ್ಳಲು ಹೋದರೆ ಮಾತ್ರ ಫಜೀತಿ. ಕಾಕಾ ಹೊಡೆದರು. ನಾನು ಇ3 ಆಡಿದೆ. ಅವರು ಬಿ5 ಆಡಿ ಹೊಡೆದ ಪ್ಯಾದೆಗೆ ಕಾವಲು ಹಾಕಿದರು. ಎ4 ಅಂತ ಪಕ್ಕದಿಂದ ಕೆಣಕಿದೆ, ಸಿ6 ಅಂತ ಆಸರೆ ಕೊಟ್ಟರು. ಬಿ5ರಲ್ಲಿ ನಾನು ಹೊಡೆದೆ, ಅವರೂ ಹೊಡೆದರು. ಆಗ ನನ್ನ ರಾಣಿ ಎಫ್3ಕ್ಕೆ ಬಂದಳು. ಅಲ್ಲಿಂದ ಓರೆಯಾಗಿ ನೋಡಿದರೆ ಎ8ರ ಮೂಲೆಯಲ್ಲಿ ಕರಿ ಆನೆ, ನಡುವೆ ಒಂದು ಕಾಯಿಯೂ ಇಲ್ಲ! ಕಾಕಾ ಕುದುರೆಯನ್ನು ಅಡ್ಡ ಹಾಕಿ ಆನೆ ಉಳಿಸಿಕೊಂಡರು. ಏಳನೇ ನಡೆಗೆ ಕುದುರೆ ನನ್ನ ಕೈಯಲ್ಲಿ.

ಗೆದ್ದೇ ಬಿಟ್ಟೆ ಅಂದುಕೊಂಡೆ. ಕಾಕಾ ಜಪ್ಪಯ್ಯ ಅಂದರೂ ಆಟ ಬಿಡಲಿಲ್ಲ. ಕೊನೆಗೆ ಅವರ ಹತ್ತಿರ ಬರೀ ರಾಜ, ನನ್ನ ಹತ್ತಿರ ರಾಜ, ರಾಣಿ. ಗಡಿಯಾರದಲ್ಲಿ 40 ಸೆಕೆಂಡ್. ಫ್ಯಾನ್ ತಿರುಗುತ್ತಿದ್ದರೂ ಬೆವರಿದ ಬೆರಳಲ್ಲಿ ಕಾಯಿ ಜಾರುತ್ತಿತ್ತು. ಅವರ ರಾಜ ಓಡಿ ಓಡಿ ಅದೇ ಎ8ರ ಮೂಲೆ ಸೇರಿದ. ನಾನು ರಾಣಿಯನ್ನು ಸಿ7ಕ್ಕೆ ಇಟ್ಟು ಗಡಿಯಾರ ಒತ್ತಿದೆ. ಒತ್ತಿದ ಮೇಲೆ ಕಂಡಿತು. ಎ7, ಬಿ7, ಬಿ8, ಮೂರೂ ಮನೆ ಬಂದ್, ಆದರೆ ರಾಜನಿಗೆ ಚೆಕ್ಕೇ ಇಲ್ಲ. ಸ್ಟೇಲ್‌ಮೇಟ್, ಅಂದರೆ ಆಟ ಡ್ರಾ. ಇಬ್ಬರಿಗೂ ಅರ್ಧರ್ಧ ಅಂಕ.

ಹೊರಗೆ ಚಹಾ ಕುಡಿಯುವಾಗ ಕಾಕಾ ಕೇಳಿದರು, “ತಮ್ಮಾ, ಆ ಪ್ಯಾದಾ ನಾ ಹೊಡೀಬಾರದಿತ್ತೇನು?” ಹೊಡೀಬಹುದು ಕಾಕಾ, ಬಿ5 ಆಡಬಾರದಿತ್ತು ಅಂದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, “ಮತ್ತ ನೀ ಆ ಸಿ7?” ಅಂದರು. ನಾನು ಚಹಾ ಊದುತ್ತಾ ಕೂತೆ.