ಸಣ್ಣ ಕಾರು ಅಪಘಾತದ ನಂತರ: ತಪ್ಪು ಯಾರದೆಂದು ಹೇಗೆ ತೀರ್ಮಾನವಾಗುತ್ತದೆ, ವಿಮೆಯನ್ನು ಹೇಗೆ ನಿಭಾಯಿಸಬೇಕು

[ಪರದೆಯಲ್ಲಿ: ರಸ್ತೆಯಲ್ಲಿ ನಿಂತಿರುವ ಎರಡು ಕಾರುಗಳು; ಮುಂದಿನ ಕಾರಿನ ಹಿಂಬದಿ ಬಂಪರ್ ಒಡೆದಿದೆ.]

ನಮಸ್ಕಾರ. ಎರಡು ಕಾರುಗಳು ಕಡಿಮೆ ವೇಗದಲ್ಲಿ ಒಂದಕ್ಕೊಂದು ತಾಗಿ, ಯಾರಿಗೂ ದೊಡ್ಡ ಪೆಟ್ಟಾಗದೆ, ಬಂಪರ್ ಒಡೆದೋ ಬಾಗಿಲು ನೆಗ್ಗಿಯೋ ನಿಂತಾಗ, ಇಬ್ಬರು ಚಾಲಕರ ನಡುವೆ ಮೊದಲು ಏಳುವ ಪ್ರಶ್ನೆ ತಪ್ಪು ಯಾರದೆಂಬುದು. ಆದರೆ ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಉಳ್ಳವರು ಯಾರೂ ಆ ಹೊತ್ತಿನಲ್ಲಿ ಅಲ್ಲಿರುವುದಿಲ್ಲ. ವಿಮಾ ಕಂಪನಿಯ ಅಧಿಕಾರಿ, ಹಾನಿಯನ್ನು ಪರಿಶೀಲಿಸುವ ಸರ್ವೇಯರ್, ವ್ಯಾಜ್ಯ ಬೆಳೆದರೆ ನ್ಯಾಯಾಧೀಶರು, ಇವರೆಲ್ಲರೂ ದಿನಗಳು ಅಥವಾ ತಿಂಗಳುಗಳು ಕಳೆದ ಮೇಲೆ, ಆ ಸ್ಥಳದಲ್ಲಿ ಏನು ದಾಖಲಾಯಿತೋ ಅದನ್ನು ಮುಂದಿಟ್ಟುಕೊಂಡೇ ತೀರ್ಮಾನಿಸುತ್ತಾರೆ. ಹೀಗಾಗಿ ಅಪಘಾತದ ಸ್ಥಳದಲ್ಲಿ ತಪ್ಪನ್ನು ಹಂಚಲು ಹೋಗದೆ, ತಪ್ಪನ್ನು ಹಂಚಲು ಬೇಕಾಗುವ ಸಂಗತಿಗಳನ್ನು ಕಾಪಾಡಿಕೊಳ್ಳಬೇಕು ಎಂಬುದೇ ಈ ವಿಡಿಯೋದಲ್ಲಿ ನಾನು ಹೇಳಲಿರುವ ಮುಖ್ಯ ವಿಷಯ.

[ಪರದೆಯಲ್ಲಿ: ನಿಲ್ಲಿಸಿ, ಎಚ್ಚರಿಸಿ, ಗುರುತು ತಿಳಿಸಿ]

ಮೊದಲಿಗೆ ಕಾರನ್ನು ನಿಲ್ಲಿಸಬೇಕು. ಹಾನಿ ಎಷ್ಟೇ ಸಣ್ಣದಾಗಿದ್ದರೂ ನಿಲ್ಲಿಸದೆ ಹೋಗುವುದು ಬಹುತೇಕ ಎಲ್ಲ ದೇಶಗಳಲ್ಲಿಯೂ ಬೇರೆಯದೇ ಒಂದು ಅಪರಾಧವಾಗುತ್ತದೆ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 31ನೆಯ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಅಪಘಾತದಲ್ಲಿ ಭಾಗಿಯಾದವರು ಇನ್ನೊಂದು ಅಪಾಯಕ್ಕೆ ಎಡೆಮಾಡದಂತೆ ವಾಹನ ನಿಲ್ಲಿಸಬೇಕು, ಸ್ಥಳದಲ್ಲಿ ಸಂಚಾರದ ಸುರಕ್ಷತೆಯನ್ನು ನೋಡಿಕೊಳ್ಳಬೇಕು, ಭಾಗಿಯಾದ ಇತರರು ಕೇಳಿದರೆ ತಮ್ಮ ಗುರುತನ್ನು ತಿಳಿಸಬೇಕು. ನಿಂತಿದ್ದ ಕಾರಿಗೆ ತಾಗಿಸಿ, ಅದರ ಮಾಲೀಕರು ಅಲ್ಲಿ ಇಲ್ಲದಿದ್ದರೂ ಹೊಣೆ ತಪ್ಪುವುದಿಲ್ಲ. ಹೆಸರು ಮತ್ತು ವಿಳಾಸವನ್ನು ನೇರವಾಗಿಯೋ ಪೊಲೀಸರ ಮೂಲಕವೋ ಆದಷ್ಟು ಬೇಗ ಅವರಿಗೆ ತಲುಪಿಸಬೇಕೆಂದು ಅದೇ ವಿಧಿ ಹೇಳುತ್ತದೆ.

ಎಚ್ಚರಿಕೆಯ ದೀಪಗಳನ್ನು ಹಾಕಿ, ಎರಡೂ ಕಾರುಗಳಲ್ಲಿ ಇದ್ದವರನ್ನು ವಿಚಾರಿಸಿ. ಕುತ್ತಿಗೆಯ ಸ್ನಾಯುಗಳಿಗೆ ಆಗುವ ಪೆಟ್ಟಿನ ನೋವು ಅನೇಕರಿಗೆ ಆ ಕ್ಷಣದಲ್ಲಿ ತಿಳಿಯದೆ, ಮರುದಿನ ಬೆಳಿಗ್ಗೆ ತಿಳಿಯುತ್ತದೆ. ಆದ್ದರಿಂದ "ನನಗೇನೂ ಆಗಿಲ್ಲ" ಎಂದು ಬರೆದುಕೊಡುವ ಅವಸರವನ್ನು ಯಾರೂ ಮಾಡಬಾರದು, ಬೇರೆಯವರಿಂದ ಬರೆಸಿಕೊಳ್ಳುವ ಅವಸರವನ್ನೂ ಮಾಡಬಾರದು.

[ಪರದೆಯಲ್ಲಿ: ಅಪಘಾತದ ಸ್ಥಳದ ಫೋಟೋಗಳು, ದೂರದಿಂದ ಹತ್ತಿರಕ್ಕೆ]

ಈಗ ಫೋಟೋಗಳ ವಿಷಯಕ್ಕೆ ಬರುತ್ತೇನೆ. ಹೆಚ್ಚಿನವರು ಒಡೆದ ಭಾಗದ ಹತ್ತಿರದ ಚಿತ್ರವನ್ನು ಮಾತ್ರ ತೆಗೆಯುತ್ತಾರೆ. ಒಡೆದ ಬಂಪರ್ ಮರುದಿನವೂ ಒಡೆದೇ ಇರುತ್ತದೆ, ಅದನ್ನು ಆಮೇಲೂ ತೆಗೆಯಬಹುದು. ಕೆಲವೇ ನಿಮಿಷಗಳಲ್ಲಿ ಶಾಶ್ವತವಾಗಿ ಮಾಯವಾಗುವುದು ಕಾರುಗಳು ನಿಂತ ಸ್ಥಾನ. ಅವುಗಳನ್ನು ಸರಿಸುವ ಮೊದಲು, ಸುರಕ್ಷಿತವಾಗಿದ್ದರೆ, ಹತ್ತಿಪ್ಪತ್ತು ಹೆಜ್ಜೆ ಹಿಂದೆ ಹೋಗಿ, ರಸ್ತೆಯ ಮೇಲಿನ ಪಥದ ಗೆರೆಗಳು, ಸಿಗ್ನಲ್ ಕಂಬ, ಅಡ್ಡರಸ್ತೆಯ ಬಾಯಿ, ಸಂಚಾರ ಫಲಕಗಳು ಎಲ್ಲವೂ ಚೌಕಟ್ಟಿನೊಳಗೆ ಬರುವಂತೆ ಎರಡೂ ದಿಕ್ಕುಗಳಿಂದ ಚಿತ್ರ ತೆಗೆಯಿರಿ. ಮುಂದಿನ ಚಕ್ರಗಳು ಯಾವ ಕಡೆಗೆ ತಿರುಗಿವೆ ಎಂಬುದನ್ನು ಬೇರೆಯಾಗಿ ತೆಗೆಯಿರಿ, ಏಕೆಂದರೆ "ನಾನು ನೇರವಾಗಿ ಹೋಗುತ್ತಿದ್ದೆ" ಎಂಬ ಮಾತನ್ನು ತಿರುಗಿನಿಂತ ಚಕ್ರವೇ ಪ್ರಶ್ನಿಸಬಲ್ಲದು. ಗಾಜಿನ ಚೂರು ಬಿದ್ದಿರುವ ಜಾಗ, ಟೈರ್ ಉಜ್ಜಿದ ಗುರುತು, ಎರಡೂ ನಂಬರ್ ಪ್ಲೇಟುಗಳು, ಇವು ಸಿಕ್ಕ ಮೇಲೆ ಹಾನಿಯ ಹತ್ತಿರದ ಚಿತ್ರಗಳಿಗೆ ಬನ್ನಿ. ಹಾನಿಯ ಎತ್ತರ ತಿಳಿಯುವಂತೆ ಕನಿಷ್ಠ ಒಂದು ಚಿತ್ರವನ್ನು ಕುಳಿತು, ಅದೇ ಮಟ್ಟದಿಂದ ತೆಗೆಯುವುದು ಒಳ್ಳೆಯದು. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ. ಇಷ್ಟಾದ ಮೇಲೆ ಕಾರುಗಳನ್ನು ಬದಿಗೆ ಸರಿಸಿ.

ಡ್ಯಾಶ್‌ಕ್ಯಾಮ್, ಅಂದರೆ ರಸ್ತೆಯ ದೃಶ್ಯವನ್ನು ದಾಖಲಿಸುವ ಕಾರಿನೊಳಗಿನ ಕ್ಯಾಮೆರಾ, ಇರುವವರು ಗಮನಿಸಬೇಕಾದ ಒಂದು ಅಂಶವಿದೆ. ಈ ಕ್ಯಾಮೆರಾಗಳು ಮೆಮೊರಿ ಕಾರ್ಡ್ ತುಂಬಿದೊಡನೆ ಹಳೆಯ ದೃಶ್ಯಗಳ ಮೇಲೆಯೇ ಹೊಸದನ್ನು ಬರೆಯುತ್ತವೆ. ಸಣ್ಣ ತಾಗಾಟದಲ್ಲಿ ಕ್ಯಾಮೆರಾ ತಾನಾಗಿಯೇ ಆ ತುಣುಕನ್ನು ಅಳಿಸಿಹೋಗದಂತೆ ಲಾಕ್ ಮಾಡದೆ ಇರಬಹುದು. ಅಂದೇ ಅದನ್ನು ಫೋನಿಗೋ ಕಂಪ್ಯೂಟರಿಗೋ ನಕಲು ಮಾಡಿಕೊಳ್ಳಬೇಕು. ಅಕ್ಕಪಕ್ಕದ ಕಟ್ಟಡಗಳ ಸಿಸಿಟಿವಿಗೂ ಇದೇ ಮಾತು ಅನ್ವಯಿಸುತ್ತದೆ. ದೃಶ್ಯವನ್ನು ಉಳಿಸಿಡುವಂತೆ ಅಂದೇ ಕೋರಿಕೊಳ್ಳದಿದ್ದರೆ ಅದು ಅಳಿಸಿಹೋಗುವ ಸಾಧ್ಯತೆಯೇ ಹೆಚ್ಚು.

[ಪರದೆಯಲ್ಲಿ: ಇಬ್ಬರು ಚಾಲಕರು ಮಾಹಿತಿ ಬರೆದುಕೊಳ್ಳುತ್ತಿದ್ದಾರೆ.]

ಸ್ಥಳದಲ್ಲಿ ಏನು ಮಾತನಾಡಬೇಕು? ಹೆಸರು, ಫೋನ್ ಸಂಖ್ಯೆ, ಚಾಲನಾ ಪರವಾನಗಿ, ವಿಮಾ ಕಂಪನಿ, ಪಾಲಿಸಿ ಸಂಖ್ಯೆ, ಸಾಕ್ಷಿಗಳಿದ್ದರೆ ಅವರ ಸಂಪರ್ಕ, ಇಷ್ಟು ಸಾಕು. "ನಿಮಗೆ ಪೆಟ್ಟಾಯಿತೇ, ಹೀಗಾಗಬಾರದಿತ್ತು" ಎಂದು ಕೇಳುವುದು ಮನುಷ್ಯ ಸಹಜವಾದದ್ದು, ಅದನ್ನು ಯಾವ ಪಾಲಿಸಿಯೂ ತಡೆಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು 2006ರಲ್ಲಿಯೇ, ಕ್ಷಮೆ ಕೇಳಿದ ಮಾತ್ರಕ್ಕೆ ಅದು ತಪ್ಪೊಪ್ಪಿಗೆ ಆಗುವುದಿಲ್ಲ, ಅದರಿಂದ ವಿಮೆಯ ರಕ್ಷಣೆಯೂ ತಪ್ಪುವುದಿಲ್ಲ ಎಂದು ಕಾನೂನು ಮಾಡಿತು. ಎಲ್ಲ ಕಡೆ ಅಂಥ ರಕ್ಷಣೆ ಇಲ್ಲ. ಅಷ್ಟೇ ಅಲ್ಲದೆ, ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಹಣ ಕೊಡುವ ಮಾತು ಕೊಡಬಾರದು ಎಂಬ ಷರತ್ತು ಹೆಚ್ಚಿನ ಪಾಲಿಸಿಗಳಲ್ಲಿ ಇರುತ್ತದೆ. ಹೀಗಾಗಿ ಕಾಳಜಿಯನ್ನು ಧಾರಾಳವಾಗಿ ತೋರಿಸಿ. "ತಪ್ಪೆಲ್ಲ ನನ್ನದೇ, ಪೂರ್ತಿ ಖರ್ಚು ನಾನೇ ಕೊಡುತ್ತೇನೆ" ಎಂಬ ತೀರ್ಪನ್ನು ಮಾತ್ರ ನೀವೇ ಹೇಳಬೇಡಿ.

ಯುರೋಪಿನ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಜಂಟಿ ಅಪಘಾತ ಹೇಳಿಕೆಯ ನಮೂನೆ ಈ ವಿಷಯದಲ್ಲಿ ಬಹಳ ವಿವೇಕದಿಂದ ರಚಿತವಾಗಿದೆ. ಒಂದೇ ಹಾಳೆಯಲ್ಲಿ ಎರಡೂ ವಾಹನಗಳ ವಿವರ, "ಪಥ ಬದಲಿಸುತ್ತಿತ್ತು", "ಹಿಂದಕ್ಕೆ ಚಲಿಸುತ್ತಿತ್ತು" ಎಂಬಂಥ ಗುರುತು ಹಾಕುವ ಚೌಕಗಳು, ಮತ್ತು ಸ್ಥಳದ ನಕ್ಷೆಗೆ ಜಾಗ ಇರುತ್ತವೆ. ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಾರೆ. ಅದು ಸಂಗತಿಗಳ ದಾಖಲೆಯೇ ಹೊರತು ಹೊಣೆಯ ಒಪ್ಪಿಗೆಯಲ್ಲ ಎಂದು ನಮೂನೆಯಲ್ಲಿಯೇ ಬರೆದಿರುತ್ತದೆ. ಅಂಥ ನಮೂನೆ ಇಲ್ಲದ ಕಡೆಯೂ ಒಂದು ಬಿಳಿ ಹಾಳೆಯ ಮೇಲೆ ಇದೇ ಕ್ರಮದಲ್ಲಿ ಬರೆದುಕೊಳ್ಳಲು ಏನೂ ಅಡ್ಡಿಯಿಲ್ಲ.

[ಪರದೆಯಲ್ಲಿ: ಮೇಲಿನಿಂದ ಕಾಣುವ ರಸ್ತೆಯ ರೇಖಾಚಿತ್ರ, ಹಿಂದಿನಿಂದ ಗುದ್ದಿದ ಕಾರು]

ತಪ್ಪನ್ನು ಅಳೆಯುವವರು ಕೇಳುವ ಪ್ರಶ್ನೆ ಸರಳವಾದದ್ದು: ಯಾರು ತನ್ನ ಪಾಲಿನ ಎಚ್ಚರಿಕೆಯನ್ನು ಪಾಲಿಸಲಿಲ್ಲ, ಮತ್ತು ಆ ಎಚ್ಚರಗೇಡಿನಿಂದಲೇ ಈ ಹಾನಿ ಆಯಿತೇ? ಹಿಂದಿನಿಂದ ಗುದ್ದಿದಾಗ ಸಾಮಾನ್ಯವಾಗಿ ಹಿಂದಿನ ಚಾಲಕರ ಮೇಲೆಯೇ ಹೊಣೆ ಬೀಳುವುದಕ್ಕೆ ಗಟ್ಟಿಯಾದ ಕಾರಣವಿದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಮುಂದಿನ ಬ್ರೇಕ್ ದೀಪ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ, ಬ್ರೇಕ್ ಹಿಡಿಯುವ ಮೊದಲೇ 21 ಮೀಟರ್ ಕಳೆದಿರುತ್ತದೆ. ಮುಂದಿನ ವಾಹನ ಹಠಾತ್ತನೆ ನಿಂತರೂ ತಾಗದಷ್ಟು ಅಂತರ ಇಡಬೇಕು ಎಂಬ ನಿಯಮ ಹುಟ್ಟಿರುವುದು ಈ ಲೆಕ್ಕದಿಂದ. ಆದರೂ ಇದು ಮುರಿಯಲಾಗದ ತೀರ್ಪಲ್ಲ. ಮುಂದಿನ ಕಾರು ಹಿಂದಕ್ಕೆ ಬಂದು ತಾಗಿರಬಹುದು, ಪಕ್ಕದ ಪಥದಿಂದ ಒಮ್ಮೆಲೇ ನುಗ್ಗಿ ಬ್ರೇಕ್ ಹಾಕಿರಬಹುದು, ಅದರ ಬ್ರೇಕ್ ದೀಪಗಳೇ ಕೆಟ್ಟಿರಬಹುದು. ಇಂಥದ್ದನ್ನು ಹೇಳುವವರು ಸಾಕ್ಷ್ಯ ಒದಗಿಸಬೇಕಾಗುತ್ತದೆ, ಏಕೆಂದರೆ ಪ್ರಾಥಮಿಕ ಊಹೆ ಅವರಿಗೆ ವಿರುದ್ಧವಾಗಿರುತ್ತದೆ.

ಉಳಿದ ಸನ್ನಿವೇಶಗಳಲ್ಲಿ, ಇದ್ದ ಸ್ಥಿತಿಯನ್ನು ಬದಲಿಸಿದವರ ಮೇಲೆ ಹೆಚ್ಚಿನ ಹೊಣೆ ಇರುತ್ತದೆ: ಪಥ ಬದಲಿಸಿದವರು, ಎದುರಿನ ಸಂಚಾರವನ್ನು ಅಡ್ಡಹಾಯ್ದು ತಿರುಗಿದವರು, ಪಾರ್ಕಿಂಗ್ ಜಾಗದಿಂದ ಹಿಂದಕ್ಕೆ ಬಂದವರು, ಹಿಂದೆ ನೋಡದೆ ಬಾಗಿಲು ತೆರೆದವರು. ಪಾರ್ಕಿಂಗ್ ಸಾಲಿನಲ್ಲಿ ಇಬ್ಬರೂ ಏಕಕಾಲಕ್ಕೆ ಹಿಂದಕ್ಕೆ ಬಂದು ತಾಗಿಸಿದರೆ ಹೊಣೆ ಇಬ್ಬರಿಗೂ ಹಂಚಿಹೋಗುತ್ತದೆ.

ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾದಾಗ ಲೋಹವೂ ಬಣ್ಣವೂ ಸಾಕ್ಷಿ ಹೇಳುತ್ತವೆ. ಗೀರು ಮುಂದಿನಿಂದ ಹಿಂದಕ್ಕೆ ಎಳೆದಿದೆಯೋ ಹಿಂದಿನಿಂದ ಮುಂದಕ್ಕೋ ಎಂಬುದರಿಂದ ಯಾವ ಕಾರು ಹೆಚ್ಚು ವೇಗದಲ್ಲಿತ್ತು ಎಂಬ ಸುಳಿವು ಸಿಗುತ್ತದೆ. ಬಲವಾಗಿ ಬ್ರೇಕ್ ಹಾಕಿದ ಕಾರಿನ ಮೂತಿ ಕೆಳಕ್ಕೆ ಬಾಗುವುದರಿಂದ, ಅದು ಗುದ್ದಿದ ಗುರುತು ಎರಡೂ ಬಂಪರ್‌ಗಳ ಸಹಜ ಎತ್ತರಕ್ಕಿಂತ ಕೆಳಗೆ ಮೂಡಬಹುದು. ಹಾನಿಯ ಎತ್ತರ ತಿಳಿಯುವ ಚಿತ್ರ ಬೇಕೆಂದು ಹೇಳಿದ್ದು ಇದಕ್ಕಾಗಿಯೇ.

[ಪರದೆಯಲ್ಲಿ: 1809 ಮತ್ತು 1945]

ತಪ್ಪು ಇಬ್ಬರದೂ ಇದ್ದರೆ ಏನಾಗುತ್ತದೆ? 1809ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಬಟರ್‌ಫೀಲ್ಡ್ ಮತ್ತು ಫಾರೆಸ್ಟರ್ ನಡುವಿನ ಮೊಕದ್ದಮೆಯಲ್ಲಿ, ಒಬ್ಬರು ರಸ್ತೆಗೆ ಅಡ್ಡವಾಗಿ ಕಂಬ ಇಟ್ಟಿದ್ದರು, ಇನ್ನೊಬ್ಬರು ಕುದುರೆಯನ್ನು ಜೋರಾಗಿ ಓಡಿಸಿಕೊಂಡು ಬಂದು ಅದಕ್ಕೆ ತಾಗಿ ಬಿದ್ದರು. ಸವಾರರೂ ಎಚ್ಚರ ವಹಿಸಿರಲಿಲ್ಲವಾದ್ದರಿಂದ ಅವರಿಗೆ ಏನೂ ಪರಿಹಾರ ಸಿಗಲಿಲ್ಲ. ಪೆಟ್ಟು ತಿಂದವರಲ್ಲಿ ಎಳ್ಳಷ್ಟು ತಪ್ಪಿದ್ದರೂ ಪರಿಹಾರ ಪೂರ್ತಿ ಹೋಗುವ ಈ ಕಠೋರ ನಿಯಮವನ್ನು ಬ್ರಿಟನ್ 1945ರ ಕಾನೂನಿನಿಂದ ತೆಗೆದುಹಾಕಿ, ತಪ್ಪಿನ ಪಾಲಿಗೆ ತಕ್ಕಂತೆ ಪರಿಹಾರವನ್ನು ಕಡಿಮೆ ಮಾಡುವ ಪದ್ಧತಿಯನ್ನು ತಂದಿತು. ಅಂದರೆ ನಿಮ್ಮ ತಪ್ಪು ಶೇಕಡ 30 ಎಂದಾದರೆ ಹಾನಿಯ ಶೇಕಡ 70 ಭಾಗ ಎದುರಿನವರಿಂದ ಬರುತ್ತದೆ. ಇದು ಹೆಚ್ಚು ನ್ಯಾಯವಾದದ್ದು. ಅಮೆರಿಕದ ಅಲಬಾಮ, ಮೇರಿಲ್ಯಾಂಡ್, ನಾರ್ತ್ ಕೆರೊಲಿನಾ, ವರ್ಜೀನಿಯಾ ರಾಜ್ಯಗಳಲ್ಲಿ ಆ ಹಳೆಯ ನಿಯಮ ಇನ್ನೂ ಉಳಿದಿದೆ. ಅಲ್ಲಿ ಅವಸರದಲ್ಲಿ ಒಪ್ಪಿಕೊಂಡ ಒಂದು ಸಣ್ಣ ತಪ್ಪು ಎಷ್ಟು ದುಬಾರಿಯಾಗಬಹುದೆಂದು ಊಹಿಸಬಹುದು.

ಕೆನಡಾದ ಒಂಟಾರಿಯೊ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ವಿಮಾ ಕಂಪನಿಗಳು ರೇಖಾಚಿತ್ರಗಳ ಸಹಿತ ಪ್ರಕಟವಾಗಿರುವ ನಿಯಮಗಳ ಪ್ರಕಾರವೇ ತಪ್ಪನ್ನು ಹಂಚಬೇಕು, ಮತ್ತು ಹವಾಮಾನ, ರಸ್ತೆಯ ಸ್ಥಿತಿ, ಬೆಳಕಿನ ಕೊರತೆ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಮಳೆಯಲ್ಲಿ ಜಾರಿದೆ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

[ಪರದೆಯಲ್ಲಿ: ಎರಡು ದಾರಿಗಳು: ಎದುರಿನವರ ವಿಮೆ, ನಿಮ್ಮ ವಿಮೆ]

ಇನ್ನು ವಿಮೆ. ನಿಮ್ಮ ಕಾರಿನ ಹಾನಿಗೆ ಹಣ ಬರಲು ಎರಡು ದಾರಿಗಳಿವೆ. ಎದುರಿನವರ ಥರ್ಡ್ ಪಾರ್ಟಿ ವಿಮೆಯಿಂದ, ಅಂದರೆ ಅವರಿಂದ ಇತರರಿಗೆ ಆದ ಹಾನಿಯನ್ನು ಭರಿಸುವ ವಿಮೆಯಿಂದ, ಪಡೆಯುವುದಾದರೆ ಅವರ ತಪ್ಪು ಮೊದಲು ಸಾಬೀತಾಗಬೇಕು, ಹಾಗಾಗಿ ತಡವಾಗುತ್ತದೆ. ನಿಮ್ಮ ಪಾಲಿಸಿಯಲ್ಲಿ ಸ್ವಂತ ವಾಹನದ ಹಾನಿಗೂ ರಕ್ಷಣೆ ಇದ್ದರೆ ತಪ್ಪು ಯಾರದೆಂಬುದು ಇತ್ಯರ್ಥವಾಗುವ ಮೊದಲೇ ನಿಮ್ಮ ಕಂಪನಿ ರಿಪೇರಿ ಮಾಡಿಸಿ, ನಂತರ ನಿಮ್ಮ ಸ್ಥಾನದಲ್ಲಿ ನಿಂತು ಎದುರಿನವರಿಂದ ವಸೂಲಿಗೆ ಹೋಗಬಹುದು. ಈ ದಾರಿಯಲ್ಲಿ ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೈಮಿನಲ್ಲೂ ನೀವೇ ಭರಿಸಬೇಕಾದ ನಿಗದಿತ ಮೊತ್ತ, ಮೊದಲು ನಿಮ್ಮ ಕೈಯಿಂದ ಹೋಗುತ್ತದೆ. ಕಂಪನಿ ವಸೂಲಿ ಮಾಡಿದ ಹಣದಲ್ಲಿ ಅದೂ ಸೇರಿದೆಯೇ ಎಂದು ಕೇಳುವುದನ್ನು ಬಹಳ ಮಂದಿ ಮರೆಯುತ್ತಾರೆ, ನೀವು ಕೇಳಿ.

ಕ್ಲೈಮ್ ಮಾಡಬೇಕೇ ಬೇಡವೇ ಎಂಬುದನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ರಿಪೇರಿಯ ಖರ್ಚಿನಲ್ಲಿ ಡಿಡಕ್ಟಿಬಲ್ ಕಳೆದು, ಉಳಿದ ಮೊತ್ತವನ್ನು ಮುಂದಿನ ವರ್ಷಗಳಲ್ಲಿ ಕಳೆದುಕೊಳ್ಳುವ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮತ್ತು ಏರಬಹುದಾದ ಪ್ರೀಮಿಯಂ ಜೊತೆ ಹೋಲಿಸಿ. ಹಾಗೆಂದು ಹೊರಗಿನ ಗೀರನ್ನು ಮಾತ್ರ ನೋಡಿ ಖರ್ಚನ್ನು ಅಂದಾಜಿಸಬೇಡಿ. ಇಂದಿನ ಕಾರುಗಳಲ್ಲಿ ಕಣ್ಣಿಗೆ ಕಾಣುವ ಬಂಪರ್ ಒಂದು ಪ್ಲಾಸ್ಟಿಕ್ ಹೊದಿಕೆ ಮಾತ್ರ. ಪೆಟ್ಟನ್ನು ತಡೆಯುವ ಭಾಗಗಳೂ ಸೆನ್ಸರ್‌ಗಳೂ ಅದರ ಹಿಂದೆ ಇರುತ್ತವೆ. ಹೊದಿಕೆ ಮತ್ತೆ ತನ್ನ ಆಕಾರಕ್ಕೆ ಮರಳಿದರೂ ಒಳಗಿನದು ಮುರಿದಿರಬಹುದು, ಸುತ್ತಲಿನ ವಾಹನಗಳ ದೂರ ಅಳೆಯುವ ರೇಡಾರ್ ಓರೆಯಾಗಿದ್ದರೆ ಅದನ್ನು ಮತ್ತೆ ಸರಿಹೊಂದಿಸಬೇಕಾಗಬಹುದು. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿಸಿ, ಲಿಖಿತ ಎಸ್ಟಿಮೇಟ್ ಪಡೆದ ಮೇಲೆ ನಿರ್ಧರಿಸಿ. ಆದರೆ ಕಂಪನಿ ಪರಿಶೀಲಿಸುವ ಮೊದಲು ರಿಪೇರಿ ಆರಂಭಿಸಬೇಡಿ.

ಕ್ಲೈಮ್ ಮಾಡುವುದಿಲ್ಲವೆಂದು ತೀರ್ಮಾನಿಸಿದರೂ ಅಪಘಾತದ ಸುದ್ದಿಯನ್ನು ಕಂಪನಿಗೆ ತಿಳಿಸಿಡುವುದು ಅಗತ್ಯ. ಸ್ಥಳದಲ್ಲಿ ನಗುತ್ತಾ ಕೈ ಕುಲುಕಿ ಹೋದವರೇ ವಾರಗಳ ನಂತರ ಕುತ್ತಿಗೆ ನೋವಿನ ಹೆಸರಿನಲ್ಲಿ ಪರಿಹಾರ ಕೇಳಬಹುದು, ಮತ್ತು ಆ ನೋವು ನಿಜವೂ ಆಗಿರಬಹುದು. ಆಗ ತಡವಾಗಿ ತಿಳಿಸಿದ್ದೀರಿ ಎಂಬ ಕಾರಣಕ್ಕೆ ಕಂಪನಿ ನಿಮ್ಮ ರಕ್ಷಣೆಗೆ ಬರಲು ಹಿಂಜರಿಯಬಾರದು. ಪರಸ್ಪರ ಒಪ್ಪಿ ಹಣ ಕೊಟ್ಟು ಮುಗಿಸುವವರಿಗೂ ಇದೇ ಅಪಾಯವಿದೆ. ಹಾಗೆ ಮಾಡುವುದೇ ಆದರೆ ಪಾಲಿಸಿಯ ಷರತ್ತನ್ನು ನೋಡಿಕೊಂಡು, ಯಾವ ಹಾನಿಗೆ, ಎಷ್ಟು, ಯಾವ ದಿನ ಕೊಟ್ಟದ್ದು ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಬೇಕು.

[ಪರದೆಯಲ್ಲಿ: ತೀರ್ಮಾನ ಒಪ್ಪಿಗೆಯಾಗದಿದ್ದರೆ]

ಕಂಪನಿ ಹಂಚಿದ ತಪ್ಪಿನ ಪಾಲು ನಿಮಗೆ ಒಪ್ಪಿಗೆಯಾಗದಿದ್ದರೆ ಫೋನಿನಲ್ಲಿ ವಾದಿಸಿ ಪ್ರಯೋಜನವಿಲ್ಲ. ಯಾವ ನಿಯಮ ಮತ್ತು ಯಾವ ಸಾಕ್ಷ್ಯದ ಮೇಲೆ ಈ ಪಾಲು ನಿಗದಿಯಾಯಿತು ಎಂಬುದನ್ನು ಲಿಖಿತವಾಗಿ ಕೇಳಿ. ಉತ್ತರದಲ್ಲಿ ನಿಮ್ಮ ಫೋಟೋಗಳ, ವಿಡಿಯೋದ ಅಥವಾ ಸಾಕ್ಷಿಯ ಉಲ್ಲೇಖವೇ ಇಲ್ಲದಿದ್ದರೆ ಅದನ್ನು ಎತ್ತಿ ತೋರಿಸಿ ಮರುಪರಿಶೀಲನೆ ಕೋರಿ. ಅಲ್ಲಿಯೂ ಆಗದಿದ್ದರೆ ಕಂಪನಿಯ ದೂರು ವಿಭಾಗ, ನಂತರ ವಿಮಾ ಲೋಕಪಾಲರಂಥ ಸ್ವತಂತ್ರ ವ್ಯವಸ್ಥೆ, ಕೊನೆಗೆ ನ್ಯಾಯಾಲಯ. ಪ್ರತಿ ಹಂತಕ್ಕೂ ಕಾಲಮಿತಿ ಇರುವುದರಿಂದ, ಕಂಪನಿಯ ಪತ್ರ ನಿಮ್ಮ ಕೈಸೇರಿದ ದಿನಾಂಕವನ್ನು ಆ ಪತ್ರದ ಮೇಲೆಯೇ ಬರೆದಿಟ್ಟುಕೊಳ್ಳಿ.