ಮಿಕ್ಕ ಸಿಡಿಮದ್ದು ಎಲ್ಲಿಗೆ ಹೋಗಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಜನ ಭೂಕಂಪ ಆಯಿತೆಂದು ಮನೆಯಿಂದ ಹೊರಗೆ ಓಡಿ ಬಂದರು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೂ ನೆಲ ಅದುರಿತು. ಆಮೇಲೆ ಗೊತ್ತಾಯಿತು, ಹುಣಸೋಡಿನ ಜಲ್ಲಿ ಕ್ರಷರ್ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿತ್ತು. ಕನಿಷ್ಠ ಐವರು ಸತ್ತರು. ಸುಮಾರು ಒಂದು ತಿಂಗಳಿಗೆ, ಫೆಬ್ರವರಿ 22ರ ನಡುರಾತ್ರಿ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಮತ್ತೆ ಆರು ಜನರ ಜೀವ ಹೋಯಿತು. ಪೊಲೀಸ್ ದಾಳಿಯ ನಂತರ, ಬಚ್ಚಿಟ್ಟಿದ್ದ, ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋದಾಗ ಅವು ಸಿಡಿದವು ಎಂದು ವರದಿಯಾಯಿತು.

ಈ ಎರಡೂ ಕಡೆ ಆ ಹೊತ್ತಿನಲ್ಲಿ ಬಂಡೆ ಒಡೆಯುತ್ತಿರಲಿಲ್ಲ. ಬಂಡೆ ಸಿಡಿಸುವಾಗ ಕೆಂಪು ಬಾವುಟ, ಸೈರನ್, ಕೂಗು ಎಲ್ಲ ಇರುತ್ತದೆ. ಜನ ದೂರ ಸರಿಯುತ್ತಾರೆ. ಇಲ್ಲಿ ಸಾವು ತಂದದ್ದು ಇರಬಾರದ ಜಾಗದಲ್ಲಿ ಇದ್ದ ಮದ್ದು.

ಹಾಗಾದರೆ ಮದ್ದು ಎಲ್ಲಿರಬೇಕು? ಮ್ಯಾಗಜೀನ್ ಎಂದು ಕರೆಯುವ ಗೋದಾಮಿನಲ್ಲಿ. 2008ರ ಸ್ಫೋಟಕ ನಿಯಮಗಳ ಪ್ರಕಾರ ಇದಕ್ಕೆ ಪರವಾನಗಿ ಬೇಕು. ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸರ್ಕಾರದ ಪೆಸೊ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಎಷ್ಟು ಮದ್ದು ಇಡುತ್ತೀರಿ ಅನ್ನುವುದರ ಮೇಲೆ ಮನೆ, ರಸ್ತೆಗಳಿಂದ ಎಷ್ಟು ದೂರ ಇರಬೇಕು ಅನ್ನುವುದು ನಿರ್ಧಾರವಾಗುತ್ತದೆ. ಸಿಡಿಲು ತಡೆಯುವ ಕಂಬಿ ಇರಬೇಕು, ಕಾವಲುಗಾರ ಇರಬೇಕು. ಸುತ್ತ ಒಣಹುಲ್ಲು ಬೆಳೆಯಲು ಬಿಡಬಾರದು. ಒಳಗೆ ಬೀಡಿ, ಬೆಂಕಿಪೊಟ್ಟಣ ಸುಳಿಯಬಾರದು. ಪೆಟ್ಟಿಗೆ ತೆರೆಯಲು ಕಬ್ಬಿಣದ ಉಪಕರಣ ಬೇಡ, ಅದರಿಂದ ಕಿಡಿ ಹಾರುತ್ತದೆ.

ಎಲ್ಲಕ್ಕಿಂತ ದೊಡ್ಡ ನಿಯಮ, ಕೇಪು (ಮದ್ದನ್ನು ಸಿಡಿಸುವ ಡಿಟೋನೇಟರ್) ಮತ್ತು ಮದ್ದು ಒಟ್ಟಿಗೆ ಇರಬಾರದು. ನಮ್ಮ ದೇಶದಲ್ಲಿ ನೈಟ್ರೋಗ್ಲಿಸರಿನ್ ಇರುವ ಹಳೆಯ ಜಿಲೆಟಿನ್ ತಯಾರಿಕೆ 2004ರಲ್ಲೇ ನಿಂತಿತು. ಈಗ ಜಿಲೆಟಿನ್ ಎಂದೇ ಕರೆಯುವ ಕಡ್ಡಿಗಳು ಬಹುಪಾಲು ಸ್ಲರಿ ಅಥವಾ ಎಮಲ್ಷನ್ ಎಂಬ, ನೀರು ಬೆರೆತ ಸ್ಫೋಟಕಗಳು. ಅವು ಹಳೆಯದರಷ್ಟು ಸುಲಭವಾಗಿ ಸಿಡಿಯುವುದಿಲ್ಲ. ಆದರೆ ಕೇಪು ಹಾಗಲ್ಲ. ಏಟು ಬಿದ್ದರೂ, ಕಾವು ತಾಗಿದರೂ ಅದು ಸಿಡಿಯಬಹುದು. ಬೆರಳಿನಷ್ಟಿರುವ ಆ ಕೇಪು ಪಕ್ಕದಲ್ಲಿರುವ ಇಡೀ ಪೆಟ್ಟಿಗೆಯನ್ನು ಎಬ್ಬಿಸಿಬಿಡುತ್ತದೆ. ಎರಡನ್ನೂ ಒಂದೇ ಲಾರಿಯಲ್ಲಿ, ಒಂದೇ ಶೆಡ್ಡಿನಲ್ಲಿ ತುಂಬುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅಲ್ಲಿ ಮಲಗುವವರು ಕೂಲಿಕಾರರು, ಮಾಲೀಕರಲ್ಲ.

ತೊಂದರೆ ಶುರುವಾಗುವುದು ಸಂಜೆಗೆ. ಬೆಳಿಗ್ಗೆ ತಂದ ಮದ್ದಿನಲ್ಲಿ ಸ್ವಲ್ಪ ಉಳಿದಿರುತ್ತದೆ. ವಾಪಸ್ ಕಳಿಸಲು ಗಾಡಿ ಬೇಕು, ಡೀಸೆಲ್ ಖರ್ಚು, ಲೆಕ್ಕ ಬರೆಯಬೇಕು. ನಾಳೆ ಹೇಗೂ ಬೇಕಲ್ವಾ ಅಂತ ಜನರೇಟರ್ ಪಕ್ಕದ ಶೆಡ್ಡಿಗೆ ಸೇರಿಸುತ್ತಾರೆ. ಮಾಲೀಕರೇ, ಆ ದಿನಕ್ಕೆ ಬೇಕಾದಷ್ಟೇ ತರಿಸಿ. ಮಿಕ್ಕಿದ್ದು ಅದೇ ದಿನ ಮ್ಯಾಗಜೀನಿಗೆ ಹೋಗಲಿ. ಎಷ್ಟು ಬಂತು, ಎಷ್ಟು ಸುಟ್ಟಿತು, ಎಷ್ಟು ವಾಪಸ್ ಹೋಯಿತು, ರಿಜಿಸ್ಟರಿನಲ್ಲಿ ಆಗಲೇ ಬರೆಯಿರಿ. ಇನ್ನೊಂದು ವಿಷಯ. ವಿದ್ಯುತ್ ಡಿಟೋನೇಟರುಗಳನ್ನು ಕೇಂದ್ರ ಸರ್ಕಾರ 2025ರ ಏಪ್ರಿಲ್ 1ರಿಂದ ನಿಷೇಧಿಸಿದೆ. ಹಳೆಯವು ಉಳಿದಿದ್ದರೆ ಬಚ್ಚಿಡಬೇಡಿ, ನೀವೇ ನಾಶ ಮಾಡಲೂ ಹೋಗಬೇಡಿ. ಪೆಸೊಗೆ ತಿಳಿಸಿ. ಹಿರೇನಾಗವಲ್ಲಿಯಲ್ಲಿ ಏನಾಯಿತೆಂದು ಕೇಳಿದಿರಿ.

ಮಧ್ಯಪ್ರದೇಶದ ಪೇಟ್ಲಾವದ್ ಊರಿನಲ್ಲಿ 2015ರ ಸೆಪ್ಟೆಂಬರ್ 12ರಂದು ಜನವಸತಿಯ ನಡುವೆ ಇಟ್ಟಿದ್ದ ಜಿಲೆಟಿನ್ ಮತ್ತು ಡಿಟೋನೇಟರ್ ಸಿಡಿದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮೊದಲು ಆದದ್ದು ಸಣ್ಣ ಸ್ಫೋಟ. ಅದನ್ನು ನೋಡಲು ಜನ ಸೇರಿದರು, ಆಗ ದೊಡ್ಡದು ಸಿಡಿಯಿತು. ಅದಕ್ಕೇ ಹೇಳುತ್ತೇನೆ, ಮದ್ದು ಇರುವ ಕಡೆ ಬೆಂಕಿ ಕಂಡರೆ ನೀರು ಹಿಡಿದು ಓಡಬೇಡಿ. ಜನರನ್ನು ದೂರ ಕಳಿಸಿ, ನೀವೂ ದೂರ ಹೋಗಿ.

ಕ್ವಾರಿ ಹತ್ತಿರದ ಊರಿನ ತಾಯಂದಿರಿಗೆ ಒಂದು ಮಾತು. ಕೇಪು ನೋಡಲು ಪೆನ್ನಿನ ತುಂಡಿನ ಹಾಗೆ ಹೊಳೆಯುವ ಅಲ್ಯೂಮಿನಿಯಂ ಕೊಳವೆ. ಕೆಲವದಕ್ಕೆ ಬಣ್ಣದ ವೈರು ಇರುತ್ತದೆ. ಮಕ್ಕಳು ಆಟಕ್ಕೆ ಎತ್ತಿಕೊಂಡು ಕಲ್ಲಿನಿಂದ ಕುಟ್ಟಿದರೆ ಬೆರಳು, ಕಣ್ಣು ಹೋಗುತ್ತದೆ. ಅಂಥದ್ದು ಸಿಕ್ಕರೆ ಮುಟ್ಟಬಾರದು, ದೊಡ್ಡವರಿಗೆ ಬಂದು ಹೇಳಬೇಕು ಎಂದು ಇವತ್ತೇ ಅವರಿಗೆ ತಿಳಿಸಿ. ನೀವೂ ಅದನ್ನು ಎತ್ತಿ ಪೊಲೀಸ್ ಠಾಣೆಗೆ ಒಯ್ಯಬೇಡಿ. ಜಾಗ ನೆನಪಿಟ್ಟುಕೊಂಡು ದೂರ ಬಂದು 112ಕ್ಕೆ ಕರೆ ಮಾಡಿ, ಪೊಲೀಸರು ಬರುವ ತನಕ ಅತ್ತ ಯಾರೂ ಹೋಗದಂತೆ ನೋಡಿಕೊಳ್ಳಿ.