ಫಿಲ್ಟರ್ ಕತ್ತರಿಸುವ ಮೊದಲು ಇಲಿ ಹುಡುಕಿ

ಅಧ್ಯಕ್ಷರಿಗೆ, ಗಾಡಿ ಮಾಲೀಕರಿಗೆ, ಚಾಲಕರಿಗೆ, ಗ್ರೀಸ್ ಮೆತ್ತಿದ ಕೈಯಲ್ಲೇ ನೇರ ಇಲ್ಲಿಗೆ ಬಂದಿರುವ ಗ್ಯಾರೇಜಿನ ಹುಡುಗರಿಗೆ ನಮಸ್ಕಾರ.

ಇದು ಅಡಿಕೆ ಕೊಯ್ಲಿನ ಹೊತ್ತು. ಯಾರ ಗಾಡಿಯೂ ಒಂದು ದಿನ ಸುಮ್ಮನೆ ನಿಲ್ಲುವ ಹಾಗಿಲ್ಲ. ಇಂಥ ಹೊತ್ತಿಗೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತದೆ, ಗಾಡಿ ಎಳೆಯುವುದಿಲ್ಲ. ಆಗ ಯಾರಾದರೂ ಒಬ್ಬರು ಕಿವಿಯಲ್ಲಿ ಹೇಳುತ್ತಾರೆ: 'ಅದನ್ನು ತೆಗೆಸಿಬಿಡಿ ಮಾರಾಯ್ರೆ. ಡಿಪಿಎಫ್ ಖಾಲಿ ಮಾಡಿ, ಇಜಿಆರ್ ಮುಚ್ಚಿ, ಒಂದು ಮ್ಯಾಪಿಂಗ್ ಹೊಡೆಸಿದರೆ ಜನ್ಮದಲ್ಲಿ ಮತ್ತೆ ದೀಪ ಬರುವುದಿಲ್ಲ.' ಈ ಮಾತಿಗೆ ಉತ್ತರ ಕೊಡಲೇಬೇಕು ಅಂತ ನಾನು ಇವತ್ತು ಒಪ್ಪಿಕೊಂಡು ಬಂದೆ. ಗೊತ್ತಿಲ್ಲದವರಿಗೆ: ಡಿಪಿಎಫ್ ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿದು, ಆಗಾಗ ಅದನ್ನು ಸುಟ್ಟು ಖಾಲಿ ಮಾಡಿಕೊಳ್ಳುವ ಫಿಲ್ಟರ್. ಮ್ಯಾಪಿಂಗ್ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಪ್ರೋಗ್ರಾಮ್ ಬದಲಿಸುವುದು. ಇಜಿಆರ್ ಏನೆಂದು ಮುಂದೆ ಹೇಳುತ್ತೇನೆ.

ನಾನು ಪಂಪು, ಇಂಜೆಕ್ಟರಿನ ಕೆಲಸದವನು. ಮಾಲೀಕರ ಕಷ್ಟ ನನಗೆ ಗೊತ್ತು. ಹೊಸ ಫಿಲ್ಟರಿನ ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಲೋಡು ಹಾಕಿಕೊಂಡು ಅರಬೈಲ್ ಘಟ್ಟ ಹತ್ತುವಾಗ ಗಾಡಿ ಲಿಂಪ್ ಮೋಡಿಗೆ, ಅಂದರೆ ತಾನೇ ಶಕ್ತಿ ಇಳಿಸಿಕೊಂಡು ಕುಂಟುವ ಸ್ಥಿತಿಗೆ ಹೋದರೆ ಚಾಲಕನ ಪಾಡೇನು ಅಂತ ಕಂಡವನೇ ಬಲ್ಲ. ಹಾಗಾಗಿ ಕತ್ತರಿಸಿದವರನ್ನೆಲ್ಲ ಬೈಯಲು ನಿಂತಿಲ್ಲ. ತೆಗೆಸಿದರೆ ಸಿಗುವುದೇನು, ಹೋಗುವುದೇನು, ಎರಡನ್ನೂ ಹೇಳುತ್ತೇನೆ.

ಮೊದಲು ಸಿಗುವುದು. ಇಜಿಆರ್ ಅಂದರೆ ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೇ ಕುಡಿಸುವುದು. ಉರಿಯ ತಾಪ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡು ಎಂಬ ವಿಷಗಾಳಿ ಕಡಿಮೆಯಾಗುತ್ತದೆ. ಆದರೆ ಆ ಹೊಗೆಯ ಮಸಿ ಟರ್ಬೋ ಕಡೆಯಿಂದ ಬರುವ ಎಣ್ಣೆಯ ಆವಿಯ ಜೊತೆ ಸೇರಿ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಡಾಂಬರಿನ ಹಾಗೆ ಕೂರುತ್ತದೆ. ಮುಚ್ಚಿದರೆ ಮ್ಯಾನಿಫೋಲ್ಡು, ಆಯಿಲ್ಲು ಎರಡೂ ಸ್ವಚ್ಛ ಇರುತ್ತವೆ. ಅದು ಸತ್ಯ, ನಾನು ಕಣ್ಣಾರೆ ನೋಡಿದ್ದೇನೆ. ಡಿಪಿಎಫ್ ತೆಗೆದರೆ ಹೊಗೆ ಹೊರಹೋಗಲು ಇದ್ದ ತಡೆ ಇಳಿದು ಗಾಡಿ ಹಗುರಾಗಿ ಎಳೆಯುತ್ತದೆ, ಅದೂ ಸತ್ಯ. ಇವನ್ನು ಸುಳ್ಳು ಅಂದರೆ ನೀವು ನನ್ನ ಉಳಿದ ಮಾತನ್ನೂ ನಂಬಬೇಕಿಲ್ಲ.

ಈಗ ಒಂದು ಕಥೆ. ಸಿರ್ಸಿ ಹತ್ತಿರದ ಒಬ್ಬ ಹೆಗಡೇರು. ಊರು ಹೇಳುವುದಿಲ್ಲ, ಹೇಳಿದರೆ ಅರ್ಧ ಸಭೆಗೆ ಅವರು ನೆಂಟರಾಗುತ್ತಾರೆ. ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಗಾಡಿ. ಮನೆಯಿಂದ ಪೇಟೆ, ಪೇಟೆಯಿಂದ ಸೊಸೈಟಿ, ಮತ್ತೆ ಮನೆ, ಅಷ್ಟೇ ಓಡಾಟ. ದೀಪ ಬಂತು. ಒಂದು ಕಡೆ ತೋರಿಸಿದರು, ಫಿಲ್ಟರ್ ಬದಲಿಸಬೇಕು ಅಂದರು. ಇನ್ನೊಬ್ಬರು ಮಧ್ಯಾಹ್ನದೊಳಗೆ ಕತ್ತರಿಸಿ ವೆಲ್ಡ್ ಮಾಡಿಕೊಡುತ್ತೇವೆ ಅಂದರು. ಕತ್ತರಿಸಲು ಹೊರಟವರು ದಾರಿಯಲ್ಲಿ ನನ್ನ ಹತ್ತಿರ ಬಂದರು. 'ಎಂತ ಮಾರಾಯ, ಇದು ಕಡಿಯುವುದು ಒಳ್ಳೆಯದಾ ಕೆಟ್ಟದ್ದಾ, ಒಂದು ಮಾತು ಹೇಳು' ಅಂದರು. 'ಹೆಗಡೇರೆ, ಕಡಿಯುವುದು ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಸ್ಕ್ಯಾನರ್ ಹಾಕೋಣ' ಅಂದೆ.

ಫಿಲ್ಟರಿನ ಹಿಂದಿನ, ಮುಂದಿನ ಒತ್ತಡದ ವ್ಯತ್ಯಾಸ ನೋಡಲು ಒಂದು ಸೆನ್ಸರ್ ಇದೆ. ಎಂಜಿನ್ ರೇಸ್ ಮಾಡಿದರೂ ಅದರ ಅಂಕಿ ಮೇಲೆ ಏಳುವುದೇ ಇಲ್ಲ. ಸೆನ್ಸರಿನ ದಾರಿ ಸರಿ ಇದ್ದರೆ ಮಸಿ ಕಟ್ಟಿದ ಫಿಲ್ಟರಿನಲ್ಲಿ ಹಾಗಾಗಲು ಸಾಧ್ಯವಿಲ್ಲ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆವು. ಸೆನ್ಸರಿಗೆ ಹೋಗುವ ರಬ್ಬರ್ ಹೋಸಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು! ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಗಾಡಿ, ಶೆಡ್ಡಿನ ಅಟ್ಟದಲ್ಲಿ ಅಡಿಕೆ, ಅಡಿಕೆಯ ಜೊತೆ ಇಲಿ. ಇಲಿ ಹೋಸ್ ಕಡಿಯಿತು, ಸೆನ್ಸರ್ ತಪ್ಪು ಹೇಳಿತು, ಎಂಜಿನ್ನಿನ ಕಂಪ್ಯೂಟರ್ ಇಸಿಯು ಅದನ್ನು ನಂಬದೆ ಮಸಿ ಸುಡುವುದನ್ನೇ ನಿಲ್ಲಿಸಿತು, ಆಮೇಲೆ ಫಿಲ್ಟರ್ ನಿಜವಾಗಿಯೂ ಕಟ್ಟಿತು. ಹೆಗಡೇರು ಕವಳ ಉಗಿದು ಬಂದು, ಬಗ್ಗಿ ನೋಡಿ, 'ಅಯ್ಯೋ, ಇದಕ್ಕೆ ನಾನು ಸೈಲೆನ್ಸರ್ ಕಡಿಸಲು ಹೊರಟಿದ್ದೆನಲ್ಲ' ಅಂದರು. ಹೋಸ್ ಬದಲಿಸಿ, ಗಾಡಿಯನ್ನು ಅಂಗಳದ ಬಯಲಿಗೆ ತಂದು, ಅಡಿಯಲ್ಲಿದ್ದ ದರಕು, ಅಂದರೆ ಒಣಗಿದ ಎಲೆ ಗುಡಿಸಿ, ಸ್ಕ್ಯಾನರಿನಿಂದ ಸುಡಿಸಿದೆವು. ದರಕು ಗುಡಿಸುವುದನ್ನು ಯಾರೂ ಮರೆಯಬೇಡಿ. ಆ ಹೊತ್ತಿಗೆ ಫಿಲ್ಟರಿನೊಳಗೆ ಸುಮಾರು 600 ಡಿಗ್ರಿ ಇರುತ್ತದೆ. ಗಾಡಿ ಈಗಲೂ ಓಡುತ್ತಿದೆ. ಅಟ್ಟಕ್ಕೆ ಬೆಕ್ಕು ಬಂದಿದೆ.

ಫಿಲ್ಟರ್ ತಾನಾಗಿ ಕಟ್ಟುವುದು ಕಡಿಮೆ. ಕಟ್ಟಿಸುವ ಇಲಿ ಬೇರೆಲ್ಲೋ ಇರುತ್ತದೆ. ಒಮ್ಮೆ ಸೋರುವ ಇಂಜೆಕ್ಟರ್, ಒಮ್ಮೆ ಆಯಿಲ್ ಬಿಡುವ ಟರ್ಬೋ, ಒಮ್ಮೆ ತೆರೆದೇ ಸಿಕ್ಕಿಬಿದ್ದ ಇಜಿಆರ್ ವಾಲ್ವ್. ಕರಾವಳಿಯ ಗಾಡಿಗಳಲ್ಲಿ ಉಪ್ಪು ಗಾಳಿಗೆ ಸೆನ್ಸರ್ ಪ್ಲಗ್ಗಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಕಾರವಾರದಿಂದ ಮೀನು ಹೊರುವವರು ಅದನ್ನು ಮೊದಲು ನೋಡಿ. ಇನ್ನೊಂದು ಅಗ್ಗದ ಆಯಿಲ್. ಅದರಲ್ಲಿರುವ ಕ್ಯಾಲ್ಸಿಯಂ, ಸತು ಸುಟ್ಟು ಬೂದಿಯಾಗುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಅದನ್ನು ಬಿಚ್ಚಿಯೇ ತೊಳೆಸಬೇಕು. ಮ್ಯಾನ್ಯುಯಲ್ಲಿನಲ್ಲಿ ಕಡಿಮೆ ಬೂದಿಯ ಆಯಿಲ್ ಬರೆದಿದ್ದರೆ ಅದನ್ನೇ ಹಾಕಿ.

ಈಗ ಹೋಗುವುದು. ಕುಮಟಾ ಕಡೆಯ ಒಂದು ಪಿಕಪ್ ಗಾಡಿ, ಎಲ್ಲಿಯೋ ಫಿಲ್ಟರ್ ತೆಗೆಸಿ ಮ್ಯಾಪಿಂಗ್ ಮಾಡಿಸಿದ್ದು. ಒಂದು ಇಂಜೆಕ್ಟರ್ ಸೋರಲು ಶುರುವಾಯಿತು. ಫಿಲ್ಟರ್ ಇದ್ದಿದ್ದರೆ ಪದೇ ಪದೇ ಕಟ್ಟಿ ದೀಪ ಬರುತ್ತಿತ್ತು, ಗಾಡಿ ನನ್ನಂಥವರ ಹತ್ತಿರ ಬರುತ್ತಿತ್ತು. ಮ್ಯಾಪಿಂಗಿನಲ್ಲಿ ಆ ಎಚ್ಚರಿಕೆಗಳನ್ನೆಲ್ಲ ಬಾಯಿ ಮುಚ್ಚಿಸಿದ್ದರು. ಕಪ್ಪು ಹೊಗೆ ಕಂಡು ಚಾಲಕ, ಒಳ್ಳೇ ಪವರ್ ಬಂದಿದೆ ಅಂದುಕೊಂಡ. ದೇವಿಮನೆ ಘಟ್ಟದಲ್ಲಿ ಲೋಡು ಎಳೆಯುವಾಗ ಪಿಸ್ಟನ್ ಕರಗಿ ತೂತಾಯಿತು. ಮ್ಯಾಪಿಂಗ್ ಮಾಡಿದವರು ಫೋನು ಎತ್ತಲಿಲ್ಲ, ಮೂಲ ಫೈಲನ್ನು ಉಳಿಸಿಯೂ ಇರಲಿಲ್ಲ. ಫಿಲ್ಟರಿನ ದುಡ್ಡು ಉಳಿಯಿತು, ಎಂಜಿನ್ನಿನ ದುಡ್ಡು ಹೋಯಿತು. ವಾರಂಟಿ ಮೊದಲೇ ಹೋಗಿತ್ತು.

ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಹೊಗೆ 250ರಿಂದ 400 ಡಿಗ್ರಿ ಬಿಸಿಯಾದರೆ ಮಸಿ ತಾನೇ ನಿಧಾನಕ್ಕೆ ಸುಡುತ್ತದೆ. ಲೋಡು ಹಾಕಿ ಘಟ್ಟ ಹತ್ತುವ ಗಾಡಿಗೆ ಆ ಬಿಸಿ ಸುಲಭವಾಗಿ ಸಿಗುತ್ತದೆ. ನನ್ನ ಹತ್ತಿರ ಕಟ್ಟಿಕೊಂಡು ಬರುವವು ಹೆಚ್ಚಾಗಿ ಪೇಟೆಯೊಳಗೇ ತಿರುಗುವ ಶಾಲೆ ವ್ಯಾನು, ಬಂದರಿನಲ್ಲಿ ಎಂಜಿನ್ ಚಾಲೂ ಇಟ್ಟು ಗಂಟೆಗಟ್ಟಲೆ ಕಾಯುವ ಗಾಡಿ. ಅಂಥವರು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ಓಟ ಓಡಿಸಿ. ಸುಡುತ್ತಿರುವಾಗ ಮಧ್ಯದಲ್ಲಿ ಆಫ್ ಮಾಡಬೇಡಿ. ಪದೇ ಪದೇ ಹಾಗೆ ಮಾಡಿದರೆ ಸುಡಲೆಂದು ಬಿಟ್ಟ ಡೀಸೆಲ್ ಆಯಿಲ್ಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರಿದ್ದು ಕಂಡರೆ ಖುಷಿಪಡಬೇಡಿ, ಬದಲಿಸಿ.

ಹೊತ್ತಾಯಿತು ಅಂತ ಚೀಟಿ ಬಂತು. ಆಯಿತು, ಬೇಗ ಹೇಳುತ್ತೇನೆ.

ಹೊಗೆಯ ವಿಷಯ. ಡೀಸೆಲ್ ಕಾರಿನ ಮಸಿಯ ಮಿತಿ ಬಿಎಸ್4ರಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ. 2020ರ ಏಪ್ರಿಲ್ 1ರಿಂದ, ಬಿಎಸ್6ರಲ್ಲಿ, ಅದು 4.5. ಈ ಇಳಿಕೆಯ ಬಹುಪಾಲು ಆ ಫಿಲ್ಟರ್ ಡಬ್ಬಿಯೊಳಗೇ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಈ ಮಾತು ಮಾಲೀಕರಿಗಿಂತ ಹೆಚ್ಚಾಗಿ ಹಿಂದೆ ಕೂತ ಹುಡುಗರಿಗೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ರೇಸ್ ಮಾಡಿದಾಗ ಆ ಹೊಗೆ ಮೊದಲು ಹೋಗುವುದು ನಿಮ್ಮ ಎದೆಗೆ. ದಯವಿಟ್ಟು ಗಾಡಿಯನ್ನು ಹೊರಗೆ ತನ್ನಿ.

ತೆಗೆಸಿದರೂ ಪಿಯುಸಿ, ಅಂದರೆ ಹೊಗೆ ತಪಾಸಣೆ, ಪಾಸಾಗುತ್ತದಲ್ಲ ಅಂತ ಕೇಳುತ್ತೀರಿ. ಡೀಸೆಲ್ ಗಾಡಿಗೆ ಅಲ್ಲಿ ನೋಡುವುದು ಹೊಗೆಯ ದಟ್ಟಣೆ ಮಾತ್ರ. ನೈಟ್ರೋಜನ್ ಆಕ್ಸೈಡು ನೋಡುವುದೇ ಇಲ್ಲ. ಕಾನೂನಿನ ಪ್ರಕಾರ ವಾಯುಮಾಲಿನ್ಯದ ನಿಯಮ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ; ಲೈಸೆನ್ಸೂ 3 ತಿಂಗಳು ಹೋಗುತ್ತದೆ. ಗಾಡಿ ಓಡಿಸಿದ ಚಾಲಕನೂ ಅದರಲ್ಲಿ ಸಿಗುತ್ತಾನೆ, ಮಾಲೀಕರು ಇದನ್ನು ಯೋಚಿಸಿ.

ಕೆಲವು ಗಾಡಿಗಳಲ್ಲಿ ನೈಟ್ರೋಜನ್ ಆಕ್ಸೈಡು ಇಳಿಸಲು ಯೂರಿಯಾ ದ್ರಾವಣದ ಬೇರೆ ಟ್ಯಾಂಕು ಇರುತ್ತದೆ. ಆ ಯೂರಿಯಾದ ಬಗ್ಗೆ ಬಹಳ ಹೇಳಬೇಕಿತ್ತು. ಒಂದೇ ಮಾತು: ತೋಟಕ್ಕೆ ಹಾಕುವ ಯೂರಿಯಾ ಕರಗಿಸಿ ಟ್ಯಾಂಕಿಗೆ ಹೊಯ್ಯಬೇಡಿ. ಅದಕ್ಕೆ ಬೇಕಾದದ್ದು 32.5 ಶೇಕಡಾದ ಶುದ್ಧ ದ್ರಾವಣ. ಗೊಬ್ಬರದ ಕಲ್ಮಶ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟನ್ನೇ ಕೊಲ್ಲುತ್ತದೆ.

ಸ್ಕ್ಯಾನರ್ ತಂದಿದ್ದೇನೆ. ದೀಪ ಉರಿಯುವ ಗಾಡಿ ಇದ್ದವರು ಊಟಕ್ಕೆ ಮೊದಲೇ ಮೈದಾನದ ಬದಿಗೆ ತನ್ನಿ. ಯಾರ ಹತ್ತಿರವೂ ಗಾಡಿಯಲ್ಲಿ ದಾಖಲಾದ ದೋಷದ ಕೋಡ್ ಅಳಿಸಿಕೊಂಡು ಬರಬೇಡಿ, ಅಳಿಸಿದರೆ ನನಗೆ ನೋಡಲು ಏನೂ ಉಳಿಯುವುದಿಲ್ಲ. ಹೋಸು, ಪ್ಲಗ್ಗು ನಾವೇ ನೋಡುತ್ತೇವೆ, ದುಡ್ಡಿಲ್ಲ. ಈಗ ಪ್ರಶ್ನೆ ಇದ್ದವರು ಕೇಳಿ.